ಅವರು ಪಾಪ, ನಮಗೆ ಪುಣ್ಯ?

ನಮ್ಮ ಊರುಗಳಲ್ಲಿ ಈಚೆಗೆ ಒಂದು ರೂಢಿ ಬೆಳೆದಿದೆ. ಮಗುವಿನ ಹುಟ್ಟುಹಬ್ಬವಿರಲಿ, ಹಿರಿಯರ ತಿಥಿ ಇರಲಿ, ಮದುವೆಯ ವಾರ್ಷಿಕೋತ್ಸವ ಇರಲಿ, ಮೊದಲ ಸಂಬಳ ಕೈಗೆ ಬಂದಿರಲಿ, ‘ಈ ಸಲ ಯಾವುದಾದರೂ ಆಶ್ರಮಕ್ಕೆ ಹೋಗಿ ಮಕ್ಕಳಿಗೆ ಊಟ ಹಾಕಿಸೋಣ’ ಎನ್ನುವ ಮಾತು ಮನೆಯಲ್ಲಿ ಬರುತ್ತದೆ. ಛತ್ರ ಹಿಡಿದು ಮುನ್ನೂರು ಜನರನ್ನು ಕರೆದು, ಅರ್ಧ ಊಟ ಎಲೆಯಲ್ಲೇ ಉಳಿದು ಕಸಕ್ಕೆ ಹೋಗುವುದನ್ನು ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಅಂಗವಿಕಲ ಮಕ್ಕಳ ವಸತಿನಿಲಯ, ಅಂಧ ಮಕ್ಕಳ ಶಾಲೆ, ಬುದ್ಧಿಮಾಂದ್ಯ ಮಕ್ಕಳ ಕೇಂದ್ರ ಹೀಗೆ ಊರಿಗೆ ಒಂದೆರಡಾದರೂ ಇಂಥ ಜಾಗಗಳಿವೆ. ಅಲ್ಲಿನ ಗೋಡೆಯ ಮೇಲೆ ಅನ್ನದಾನಿಗಳ ಹೆಸರಿನ ಫಲಕವಿರುತ್ತದೆ. ಬೆಳಗಿನ ತಿಂಡಿಗೆ ಇಷ್ಟು, ಮಧ್ಯಾಹ್ನದ ಊಟಕ್ಕೆ ಇಷ್ಟು, ಸಿಹಿಯೂಟಕ್ಕೆ ಇಷ್ಟು ಎಂದು ಬರೆದ ಚೀಟಿಯೂ ಇರುತ್ತದೆ.

ಈ ರೂಢಿಯನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ಹಸಿದವರಿಗೆ ಅನ್ನ ಕೊಡುವುದರ ಬಗ್ಗೆ ತಕರಾರು ಎತ್ತುವಷ್ಟು ದೊಡ್ಡವಳೂ ನಾನಲ್ಲ. ಆದರೆ ಒಂದು ವಿಷಯ ಗಮನಿಸಿ. ಯಾವ ದಿನ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಏನು ಬಡಿಸಬೇಕು, ಯಾರು ಬಡಿಸಬೇಕು, ಎಷ್ಟು ಫೋಟೊ ತೆಗೆಯಬೇಕು, ಎಲ್ಲವನ್ನೂ ತೀರ್ಮಾನಿಸುವವರು ನಾವು. ಊಟ ಮಾಡುವ ಮಕ್ಕಳನ್ನಾಗಲಿ, ಅವರನ್ನು ದಿನಾ ನೋಡಿಕೊಳ್ಳುವವರನ್ನಾಗಲಿ ಒಂದು ಮಾತೂ ಕೇಳುವುದಿಲ್ಲ. ಕೇಳದೆ ಕೊಟ್ಟದ್ದು ಕೊಟ್ಟವರಿಗೆ ಸಮಾಧಾನ ತರುತ್ತದೆ, ಪಡೆದವರಿಗೆ ಉಪಯೋಗವಾಗುತ್ತದೆ ಎನ್ನುವ ಖಾತ್ರಿಯಿಲ್ಲ. ಕೊಡುವ ಮೊದಲು ಕೇಳೋಣ ಎನ್ನುವುದಷ್ಟೇ ಈ ಬರಹದ ವಾದ.

ನಮ್ಮ ಮನೆಯಲ್ಲೂ ಅಜ್ಜನ ತಿಥಿಗೆ ಅಂಗವಿಕಲ ಮಕ್ಕಳ ವಸತಿನಿಲಯವೊಂದರಲ್ಲಿ ಊಟ ಹಾಕಿಸುವ ಪದ್ಧತಿ ಶುರುವಾಗಿ ಮೂರು ವರ್ಷವಾಯಿತು. ಹೋದ ವರ್ಷ ನಾವು ಹದಿನಾಲ್ಕು ಜನ ಮೂರು ಕಾರಿನಲ್ಲಿ ಹೋಗಿದ್ದೆವು. ಹೋಳಿಗೆ, ಚಿತ್ರಾನ್ನ, ಮಿರ್ಚಿ, ಕೋಸಂಬರಿ, ಅನ್ನ ಸಾರು ಎಲ್ಲವನ್ನೂ ಅಡುಗೆ ಭಟ್ಟರಿಂದ ಮಾಡಿಸಿದ್ದರು. ಅಲ್ಲಿನ ಮಕ್ಕಳು ದಿನಾ ಊಟ ಮಾಡುವುದು ಹನ್ನೆರಡೂವರೆಗೆ. ಅಂದು ಹನ್ನೆರಡಕ್ಕೇ ಸಾಲಾಗಿ ಕೂರಿಸಿದ್ದರು. ದೊಡ್ಡಪ್ಪನ ಕಾರು ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿತ್ತು. ಅವರು ಬರುವ ತನಕ ಬಡಿಸುವುದು ಬೇಡ ಎಂದು ಹಿರಿಯರು ಹೇಳಿದರು. ಅಷ್ಟರಲ್ಲಿ ಮಕ್ಕಳು ಎರಡು ಪ್ರಾರ್ಥನೆ, ಒಂದು ದೇಶಭಕ್ತಿ ಗೀತೆ ಹಾಡಿ, ಒಟ್ಟಾಗಿ ಥ್ಯಾಂಕ್ಯೂ ಹೇಳಿಯೂ ಆಗಿತ್ತು. ಎಲೆಗೆ ಅನ್ನ ಬಿದ್ದಾಗ ಒಂದೂ ಮುಕ್ಕಾಲು.

ಬಡಿಸುವಾಗ ಇನ್ನೊಂದು ವಿಷಯ ಗೊತ್ತಾಯಿತು. ಏಳೆಂಟು ಮಕ್ಕಳಿಗೆ ಮಿರ್ಚಿ, ಹೋಳಿಗೆಯಂಥದ್ದನ್ನು ಅಗಿದು ನುಂಗಲು ಆಗುವುದಿಲ್ಲ. ಅವರಿಗೆಂದು ಆಯಾ ಒಬ್ಬರು ಒಳಗೆ ಹೋಗಿ, ಅನ್ನವನ್ನು ಮೆತ್ತಗೆ ಹಿಸುಕಿ ಸಾರಿನಲ್ಲಿ ಕಲಸಿ ತಂದರು. ಅಂದರೆ ನಮ್ಮ ಹಬ್ಬದೂಟದ ದಿನ ಅವರಿಗೆ ಇದ್ದ ಕೆಲಸದ ಜೊತೆ ಇನ್ನೊಂದು ಕೆಲಸ ಸೇರಿಕೊಂಡಿತು.

ನನ್ನ ಅತ್ತೆ ಗಾಲಿಕುರ್ಚಿಯಲ್ಲಿದ್ದ ಒಬ್ಬ ಹುಡುಗಿಯ ತಲೆ ಸವರಿ, ಪಕ್ಕದಲ್ಲಿದ್ದ ಮೇಲ್ವಿಚಾರಕಿಯನ್ನು ಕೇಳಿದರು: ‘ಪಾಪ, ಈ ಹುಡುಗಿಗೆ ಏನಾಗಿದೆ?’ ಹುಡುಗಿಯೇ ಉತ್ತರಿಸಲು ಶುರು ಮಾಡಿದಳು. ಅವಳಿಗೆ ಮಾತು ಬರುತ್ತದೆ, ಆದರೆ ಒಂದೊಂದು ಅಕ್ಷರವನ್ನೂ ಎಳೆದು ತರಬೇಕು. ‘ನಾನು... ಎಂಟನೇ... ಕ್ಲಾಸು’ ಎಂದು ಅವಳು ಮುಗಿಸುವ ಹೊತ್ತಿಗೆ ಅತ್ತೆ ಮುಂದಿನ ಮಗುವಿನ ಹತ್ತಿರ ಹೋಗಿದ್ದರು. ಅತ್ತೆ ಕೆಟ್ಟವರಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಣ್ಣೀರು ಬರುವುದು ಅವರಿಗೇ. ಆದರೆ ಆ ಹುಡುಗಿಗೆ ಬೇಕಾಗಿದ್ದದ್ದು ಕಣ್ಣೀರಲ್ಲ, ಇನ್ನು ಅರ್ಧ ನಿಮಿಷ.

ನಾನು ಅವಳ ಪಕ್ಕ ಕುಳಿತು ಮಾತಾಡಿಸಿದೆ. ಇಷ್ಟವಾದ ವಿಷಯ ಗಣಿತ ಎಂದಳು. ‘ಈಗ ಏನು ಪಾಠ ನಡೀತಿದೆ?’ ಎಂದರೆ, ‘ಗೊತ್ತಿಲ್ಲ ಅಕ್ಕ, ವ್ಯಾನ್ ಕೆಟ್ಟಿದೆ, ಹತ್ತು ದಿನದಿಂದ ಸ್ಕೂಲಿಗೆ ಹೋಗಿಲ್ಲ’ ಎಂದಳು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಹಳೆಯ ವ್ಯಾನು ಕಾಂಪೌಂಡಿನ ಮೂಲೆಯಲ್ಲಿ ನಿಂತಿತ್ತು. ನಾವು ಅದರ ಪಕ್ಕದಲ್ಲೇ ಮೂರು ಕಾರು ನಿಲ್ಲಿಸಿ ಪಾತ್ರೆಗಳನ್ನು ಇಳಿಸಿಕೊಂಡಿದ್ದೆವು. ಆಮೇಲೆ ವಿಚಾರಿಸಿದಾಗ ತಿಳಿಯಿತು: ನಮ್ಮ ಊಟದ ಖರ್ಚಿಗೂ ವ್ಯಾನಿನ ರಿಪೇರಿಗೆ ಮೆಕ್ಯಾನಿಕ್ ಹೇಳಿದ್ದ ಮೊತ್ತಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಮೇಲ್ವಿಚಾರಕಿ ನಿಧಾನವಾಗಿ ಮನಸ್ಸು ಬಿಚ್ಚಿ ಮಾತಾಡಿದರು. ಊಟ ಹಾಕಿಸಲು ಜನ ಸಿಗುತ್ತಾರಂತೆ. ಭಾನುವಾರ, ಹಬ್ಬ, ಆಗಸ್ಟ್ 15ರಂದು ಬೇಡವೆಂದರೂ ಬರುತ್ತಾರೆ. ಒಂದೇ ದಿನ ಎರಡು ಕೇಕ್ ಕತ್ತರಿಸಿದ್ದೂ ಇದೆ. ಆದರೆ ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಯಾರೂ ಬರುವುದಿಲ್ಲ. ಫಿಸಿಯೋಥೆರಪಿಸ್ಟ್ ಸಂಬಳ, ರಾತ್ರಿ ಪಾಳಿಯ ಆಯಾಗಳ ಸಂಬಳ, ಡೈಪರ್, ಫಿಟ್ಸ್ ಮಾತ್ರೆ, ಕರೆಂಟ್ ಬಿಲ್, ಇವಕ್ಕೆ ಕೊಡುತ್ತೇವೆ ಎನ್ನುವವರು ಅಪರೂಪ. ‘ಡೈಪರ್ ಮೇಲೆ ಯಾರ ಹೆಸರೂ ಬರೆಯೋಕಾಗಲ್ವಲ್ಲಮ್ಮ’ ಎಂದು ನಕ್ಕರು. ‘ನೀವು ದಾನಿಗಳಿಗೆ ಇದನ್ನೆಲ್ಲ ಹೇಳಬಹುದಲ್ವಾ?’ ಎಂದೆ. ‘ಬೇಡ ಅಂತ ಹೇಳಿದ್ರೆ ಮುಂದಿನ ಸಲ ಬರಲ್ಲಮ್ಮ. ಅವರ ಮನಸ್ಸು ನೋಯಿಸಬಾರದು ಅಂತ ಸುಮ್ಮನಿರ್ತೀವಿ’ ಎಂದರು. ನಮ್ಮ ಮನಸ್ಸು ನೋಯದಿರಲೆಂದು ಅವರು ಬಾಯಿ ಮುಚ್ಚಿಕೊಂಡಿದ್ದಾರೆ. ಹಾಗಾಗಿ ಬಾಯಿ ಬಿಟ್ಟು ಕೇಳುವ ಕೆಲಸ ನಮ್ಮದು.

ಕೇಳಬೇಕಾದ್ದಕ್ಕೆ ಇನ್ನೂ ಗಟ್ಟಿಯಾದ ಕಾರಣಗಳಿವೆ. ಅಂಗವೈಕಲ್ಯ ಎಂದರೆ ಒಂದೇ ಬಗೆಯದಲ್ಲ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಗಳಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ಪೆಟ್ಟಾಗಿರುತ್ತದೆ. ಕೈಕಾಲು ಬಿಗಿಯಾಗಿರಬಹುದು, ನುಂಗುವುದು, ಮಾತಾಡುವುದು ಕಷ್ಟವಾಗಬಹುದು, ಆದರೆ ಬುದ್ಧಿ ಪೂರ್ತಿ ಚುರುಕಾಗಿರಲು ಸಾಧ್ಯ. ನುಂಗಲು ಕಷ್ಟಪಡುವ ಮಗುವಿನ ಬಾಯಿಗೆ ಪ್ರೀತಿಯಿಂದ ಇಟ್ಟ ಲಾಡು ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಆಟಿಸಂ ಇರುವ ಹಲವು ಮಕ್ಕಳಿಗೆ ಗದ್ದಲ, ಅಪರಿಚಿತರ ಗುಂಪು, ಪಟ್ಟೆಂದು ಒಡೆಯುವ ಬಲೂನು ವಿಪರೀತ ಹಿಂಸೆ. ಫಿಟ್ಸ್ ಇರುವ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬೇಕು. ಗಾಲಿಕುರ್ಚಿ ಕೂಡ ಚಪ್ಪಲಿಯ ಹಾಗೆ, ಅಳತೆಗೆ ಸರಿಯಿರಬೇಕು. ದೊಡ್ಡವರ ಗಾಲಿಕುರ್ಚಿಯಲ್ಲಿ ಚಿಕ್ಕ ಮಗುವನ್ನು ಕೂರಿಸಿದರೆ ಮೈ ಒಂದು ಕಡೆ ವಾಲುತ್ತದೆ, ಬೆನ್ನು ಸೊಟ್ಟಗಾಗುವ, ಕುಳಿತ ಜಾಗದಲ್ಲಿ ಹುಣ್ಣಾಗುವ ಸಂಭವವಿದೆ. ಒಳ್ಳೆಯ ಮನಸ್ಸಿನಿಂದ ಕೊಂಡುಕೊಟ್ಟ ಗಾಲಿಕುರ್ಚಿ ಉಗ್ರಾಣ ಸೇರುವುದು ಇದೇ ಕಾರಣಕ್ಕೆ. ಇವೆಲ್ಲ ನಮಗೆ ಗೊತ್ತಿರಬೇಕೆಂದಿಲ್ಲ, ಆದರೆ ಗೊತ್ತಿರುವವರು ಅಲ್ಲೇ ಇದ್ದಾರೆ. ಒಂದು ಫೋನ್ ಮಾಡಿದರೆ ಸಾಕು.

ಇನ್ನು ಫೋಟೊ ವಿಚಾರ. ಕೇಕ್ ತಿನ್ನಿಸುವ ಚಿತ್ರ, ತಟ್ಟೆ ಹಿಡಿದು ನಿಂತ ಮಕ್ಕಳ ಚಿತ್ರ ಅದೇ ಸಂಜೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ, ಇನ್‌ಸ್ಟಾಗ್ರಾಂಗೆ ಏರುತ್ತದೆ. ‘ಬೇರೆಯವರಿಗೂ ಪ್ರೇರಣೆ ಆಗಲಿ ಅಂತ’ ಎನ್ನುತ್ತಾರೆ. ನಾವು ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಚಿತ್ರವನ್ನು ಗೊತ್ತಿಲ್ಲದವರು ತಮ್ಮ ಸ್ಟೇಟಸ್ಸಿಗೆ ಹಾಕಿಕೊಂಡರೆ ನಮಗೆ ಹೇಗನ್ನಿಸುತ್ತದೆ? ಇದು ಬರೀ ಸಭ್ಯತೆಯ ಪ್ರಶ್ನೆಯಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ, ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ವಿಳಾಸ, ಶಾಲೆ ಅಥವಾ ಅವರ ಗುರುತು ಸಿಗುವಂಥ ಚಿತ್ರವನ್ನು ಮಾಧ್ಯಮದಲ್ಲಾಗಲಿ ಬೇರೆ ಸಂವಹನ ರೂಪದಲ್ಲಾಗಲಿ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನೋಡಿಕೊಳ್ಳುವವರಿಲ್ಲದ ಅಂಗವಿಕಲ ಮಕ್ಕಳೂ ಈ ವ್ಯಾಖ್ಯೆಯಲ್ಲಿ ಬರುತ್ತಾರೆ. ಮಕ್ಕಳ ಫೋಟೊ ಇಲ್ಲದೆಯೂ ಪ್ರೇರಣೆ ಕೊಡಬಹುದು. ‘ಈ ಸಂಸ್ಥೆಗೆ ಇಂಥದ್ದು ಬೇಕಾಗಿದೆ, ನಾವು ಇಷ್ಟು ಕೊಟ್ಟೆವು, ಉಳಿದದ್ದಕ್ಕೆ ನೀವೂ ಸೇರಿ’ ಎಂದು ಬರೆದರೆ ಸ್ಟೇಟಸ್ಸಿನಿಂದ ನಿಜವಾಗಿ ನಾಲ್ಕು ಜನ ಬರುತ್ತಾರೆ.

ಈ ಮಾತನ್ನೆಲ್ಲ ಮನೆಯಲ್ಲಿ ಆಡಿದಾಗ ಅಪ್ಪ ಸಿಟ್ಟಾದರು. ‘ನೋಡಮ್ಮ, ಏನೂ ಕೊಡದವರನ್ನ ಯಾರೂ ಪ್ರಶ್ನೆ ಕೇಳಲ್ಲ. ಕೈಲಾದಷ್ಟು ಕೊಡೋರ ಮೇಲೇ ನಿಮ್ಮ ಪಾಠ. ಹೀಗೆ ತಪ್ಪು ಹುಡುಕ್ತಾ ಹೋದ್ರೆ ನಾಳೆ ಒಬ್ರೂ ಆ ಕಡೆ ತಲೆ ಹಾಕಲ್ಲ’ ಎಂದರು. ಈ ಮಾತಿನಲ್ಲಿ ಸತ್ಯವಿದೆ. ಟೀಕೆ ಮಾಡುವವರಲ್ಲಿ ಹೆಚ್ಚಿನವರು ಒಂದು ರೂಪಾಯಿಯನ್ನೂ ಕೊಟ್ಟಿರುವುದಿಲ್ಲ. ಊಟದ ನೆಪದಲ್ಲಾದರೂ ಕುಟುಂಬಗಳು ಆ ಗೇಟು ದಾಟುತ್ತವೆ, ಮಕ್ಕಳೂ ಹೊಸ ಮುಖ ನೋಡುತ್ತಾರೆ. ಕೆಲವು ಮಕ್ಕಳು ಹೋಳಿಗೆಗಾಗಿ ನಿಜಕ್ಕೂ ಕಾಯುತ್ತಾರೆ. ಆದ್ದರಿಂದ ಹೋಗುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಆದರೆ ಅಪ್ಪನಿಗೆ ನಾನು ಕೊಟ್ಟ ಉತ್ತರ ಇಷ್ಟೆ: ನಮ್ಮ ಮನೆಗೆ ನೆಂಟರು ಬಂದರೆ ‘ಸಕ್ಕರೆ ಹಾಕಬಹುದಾ?’ ಎಂದು ಕೇಳಿಯೇ ಕಾಫಿ ಕೊಡುತ್ತೇವೆ. ಒಂದು ಲೋಟ ಕಾಫಿಗೆ ಇರುವ ಆ ಮರ್ಯಾದೆ ಅರವತ್ತು ಮಕ್ಕಳ ಊಟಕ್ಕೆ ಯಾಕಿರಬಾರದು?

ಯಾಕಿಲ್ಲ ಎಂದು ಯೋಚಿಸಿದರೆ ನನಗೆ ‘ಪಾಪ’ ಎನ್ನುವ ಪದ ನೆನಪಾಗುತ್ತದೆ. ಕನ್ನಡದಲ್ಲಿ ಅಯ್ಯೋ ಎನ್ನಿಸಿದಾಗಲೂ ‘ಪಾಪ’ ಎನ್ನುತ್ತೇವೆ, ಕೆಟ್ಟ ಕೆಲಸದ ಫಲಕ್ಕೂ ‘ಪಾಪ’ ಎನ್ನುತ್ತೇವೆ. ಒಂದೇ ಪದದಲ್ಲಿ ಕರುಣೆಯೂ ಇದೆ, ಆರೋಪವೂ ಇದೆ. ‘ಯಾವ ಜನ್ಮದ ಪಾಪವೋ’ ಎಂದು ಗಾಲಿಕುರ್ಚಿಯ ಮುಂದೆಯೇ ಹೇಳುವ ಹಿರಿಯರನ್ನು ನೀವೂ ನೋಡಿರುತ್ತೀರಿ. ಆ ಮಗು ಕೇಳಿಸಿಕೊಳ್ಳುತ್ತಿದೆ ಎನ್ನುವುದು ಅವರಿಗೆ ಹೊಳೆಯುವುದೇ ಇಲ್ಲ. ಮಗು ಪಾಪ, ಅದಕ್ಕೆ ಊಟ ಹಾಕಿದ ನಮಗೆ ಪುಣ್ಯ. ಲೆಕ್ಕ ಅಲ್ಲಿಗೆ ಮುಗಿಯಿತು. ಪುಣ್ಯಕ್ಕೆಂದು ಕೊಡುವಾಗ ಪಡೆಯುವವರ ಅಭಿಪ್ರಾಯದ ಅಗತ್ಯ ಬೀಳುವುದಿಲ್ಲ. ಸರ್ಕಾರಿ ಕಾಗದಗಳಲ್ಲಿ ಅಂಗವಿಕಲ ಹೋಗಿ ವಿಕಲಚೇತನ ಬಂತು, ದಿವ್ಯಾಂಗ ಬಂತು, ವಿಶೇಷಚೇತನ ಬಂತು. ಪದ ಬದಲಾದರೂ ‘ಪಾಪ’ ಎನ್ನುವ ನೋಟ ಹಾಗೇ ಇದ್ದರೆ ಏನು ಪ್ರಯೋಜನ?

ನಮ್ಮ ನಾಡಿನಲ್ಲಿಯೇ ಬೇರೆ ಬಗೆಯ ನೋಟಕ್ಕೆ ದೊಡ್ಡ ಉದಾಹರಣೆ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ. ಅದನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಮುಂದುವರಿಸಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅಂಧ ಮಕ್ಕಳು, ಬಡ ಮಕ್ಕಳು ಅಲ್ಲಿ ಸಂಗೀತ ಕಲಿತು ಗವಾಯಿಗಳಾಗಿ, ವಾದಕರಾಗಿ, ಸಂಗೀತದ ಮೇಷ್ಟ್ರಾಗಿ ಹೊರಬಂದರು. ಪುಟ್ಟರಾಜರು ನಾಟಕ ಕಂಪನಿ ನಡೆಸಿ ಆಶ್ರಮವನ್ನು ಸಾಕಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಇಂದು ದೇಶದ ದೊಡ್ಡ ಹಿಂದೂಸ್ತಾನಿ ಗಾಯಕರಲ್ಲಿ ಒಬ್ಬರಾದ ವೆಂಕಟೇಶ್ ಕುಮಾರ್ ಅವರು ಬಾಲಕನಾಗಿ ಸೇರಿ ವರ್ಷಗಟ್ಟಲೆ ಕಲಿತದ್ದು ಅಲ್ಲಿಯೇ. ಕಣ್ಣಿದ್ದವರು ಕಣ್ಣಿಲ್ಲದ ಗುರುವಿನ ಹತ್ತಿರ ಕಲಿಯಲು ಹೋದರು. ಆ ಆಶ್ರಮಕ್ಕೂ ಭಕ್ತರು ಅಕ್ಕಿ ಬೇಳೆ ಕೊಟ್ಟಿದ್ದಾರೆ, ಆದರೆ ಅಲ್ಲಿನ ಮಕ್ಕಳನ್ನು ನಾಡು ನೆನಪಿಟ್ಟಿರುವುದು ಅನ್ನ ಉಂಡವರೆಂದಲ್ಲ, ಹಾಡಿದವರೆಂದು.

ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳ ಅವರನ್ನೂ ನೋಡಿ. ಒಂದು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂತು. ಬಾಲ್ಯದ ಬಹುಪಾಲನ್ನು ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರದಲ್ಲಿ ಶಸ್ತ್ರಚಿಕಿತ್ಸೆಗಳ ನಡುವೆ ಕಳೆದರು. ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದ ಅವರು ಬೆಂಗಳೂರಿನಲ್ಲಿ ಮಾತೃ ಫೌಂಡೇಷನ್ ಮೂಲಕ ಅಂಗವಿಕಲ ಮಕ್ಕಳಿಗೆ ಆಸರೆ ಕೊಟ್ಟರು. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಅವರಿಗೆ ಪಾದದ ಗಂಟಿನ ತೊಂದರೆಯಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ ಐಎಎಸ್ ಅಧಿಕಾರಿಯಾದರು, ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಹಾಗೆಂದು ಪದಕ ಗೆದ್ದವರಿಗೆ ಮಾತ್ರ ಗೌರವ ಎನ್ನುವುದೂ ತಪ್ಪು. ಯಾವ ಪದಕವನ್ನೂ ಗೆಲ್ಲದ, ಜೀವಮಾನವಿಡೀ ಇನ್ನೊಬ್ಬರ ಕೈಯಿಂದಲೇ ಉಣ್ಣಬೇಕಾದ ಮಗುವಿಗೂ ಹೊತ್ತಿಗೆ ಸರಿಯಾಗಿ ಊಟ ಸಿಗಬೇಕು, ಅದರ ಮಾತು ಮುಗಿಯುವ ತನಕ ಕೇಳುವವರು ಇರಬೇಕು.

ಇಲ್ಲಿ ನಮ್ಮ ಕಾಲೇಜುಗಳ ಕಡೆಗೂ ಒಮ್ಮೆ ನೋಡಬೇಕು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಕರ್ನಾಟಕದಲ್ಲಿ ಸುಮಾರು 13 ಲಕ್ಷ. ದೇಶದ ಒಟ್ಟು ಸಾಕ್ಷರತೆ ಸುಮಾರು ಶೇ 73 ಇದ್ದಾಗ ಅಂಗವಿಕಲರಲ್ಲಿ ಅದು ಸುಮಾರು ಶೇ 55. ಕಾಯ್ದೆ ಏನು ಹೇಳುತ್ತದೆ? ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು. ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ 4 ಮೀಸಲಾತಿ. ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಎಂದು ಪುಸ್ತಕದಲ್ಲಿ ಓದುತ್ತೇವೆ. ಅಂದರೆ ಒಂದು ಅಡಿ ಎತ್ತರ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದದ ರ‍್ಯಾಂಪು ಬೇಕು. ಆದರೆ ಎಷ್ಟೋ ಕಟ್ಟಡಗಳಲ್ಲಿ ಮೂರು ಮೆಟ್ಟಿಲ ಪಕ್ಕ ನಾಲ್ಕು ಅಡಿ ಉದ್ದದ ಇಳಿಜಾರು ಕಟ್ಟಿ ರ‍್ಯಾಂಪ್ ಎಂದು ಕರೆದಿರುತ್ತಾರೆ. ಅದರ ಮೇಲೆ ಬೈಕ್ ಹತ್ತುತ್ತದೆ, ಗಾಲಿಕುರ್ಚಿ ಹತ್ತುವುದಿಲ್ಲ. ಲ್ಯಾಬ್ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟಿನ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂಬ ಬೋರ್ಡು. ಗಣಿತ ಇಷ್ಟವೆಂದ ಆ ಎಂಟನೇ ಕ್ಲಾಸಿನ ಹುಡುಗಿ ಐದು ವರ್ಷದ ನಂತರ ಎಂಜಿನಿಯರಿಂಗ್ ಸೇರುತ್ತೇನೆ ಎಂದರೆ ಎಲ್ಲಿಗೆ ಬರಬೇಕು? ವರ್ಷಕ್ಕೊಮ್ಮೆ ನಾವು ಅವರಿರುವಲ್ಲಿಗೆ ಹೋಗಿ ಬರುತ್ತೇವೆ. ಅವರು ನಾವಿರುವಲ್ಲಿಗೆ ದಿನವೂ ಬರುವಂತಾಗುವುದು ಅದಕ್ಕಿಂತ ದೊಡ್ಡ ಕೆಲಸ.

ಹಾಗಾದರೆ ಕೈಯಲ್ಲಿ ಸಂಪಾದನೆ ಇಲ್ಲದ ಅಥವಾ ಈಗಷ್ಟೇ ಸಂಪಾದನೆ ಶುರುವಾದ ನಮ್ಮಂಥವರು ಏನು ಮಾಡಬಹುದು?

ಮೊದಲನೆಯದು, ನಮ್ಮ ಮನೆಯವರಿಗೆ ಹೇಳುವುದು. ಹಿರಿಯರು ಇಂಥ ಕಾರ್ಯಕ್ಕೆ ಹೊರಟಾಗ ಫೋನ್ ಮಾಡುವ ಜವಾಬ್ದಾರಿ ನಾವು ತೆಗೆದುಕೊಳ್ಳೋಣ. ‘ಈಗ ನಿಮಗೆ ಏನು ತುರ್ತಾಗಿ ಬೇಕು? ಯಾವಾಗ ಬಂದರೆ ಅನುಕೂಲ? ಮಕ್ಕಳು ಏನು ತಿನ್ನಬಹುದು, ಏನು ತಿನ್ನಬಾರದು?’ ಇವು ಮೂರು ಪ್ರಶ್ನೆ. ಜೊತೆಗೆ ಸಂಸ್ಥೆ ಕಾಯ್ದೆಯ ಪ್ರಕಾರ ನೋಂದಣಿಯಾಗಿದೆಯೇ, ರಸೀದಿ ಕೊಡುತ್ತದೆಯೇ ಎಂದೂ ವಿಚಾರಿಸಬೇಕು. ಮಕ್ಕಳ ಹೆಸರಿನಲ್ಲಿ ಹಣ ಎತ್ತುವವರೂ ಇರುತ್ತಾರಾದ್ದರಿಂದ ಇದು ಅನುಮಾನವಲ್ಲ, ಮಕ್ಕಳ ಬಗೆಗಿನ ಕಾಳಜಿ. ಈ ವರ್ಷ ನಮ್ಮ ಮನೆಯಲ್ಲಿ ಅಪ್ಪನೇ ಫೋನ್ ಮಾಡಿದರು. ಊಟಕ್ಕೆ ಆ ದಿನ ಆಗಲೇ ಬೇರೆಯವರು ಒಪ್ಪಿಕೊಂಡಿದ್ದರು. ಫಿಸಿಯೋಥೆರಪಿಗೆ ಬೇಕಾದ ಮ್ಯಾಟು ಹರಿದಿದೆ, ಇಬ್ಬರು ಮಕ್ಕಳಿಗೆ ಅಳತೆಯ ಶೂ ಮಾಡಿಸಬೇಕು ಎಂದರಂತೆ. ‘ಅಜ್ಜನ ಹೆಸರಲ್ಲಿ ನಾಲ್ಕು ಎಲೆ ಅನ್ನ ಬೀಳದಿದ್ರೆ ಹೇಗೋ?’ ಎಂದು ಅಜ್ಜಿ ಬೇಸರ ಮಾಡಿಕೊಂಡರು. ಮನೆಯಲ್ಲಿ ಎಡೆ ಇಟ್ಟು, ನಾಲ್ಕು ಜನಕ್ಕೆ ಬಡಿಸಿ, ಉಳಿದ ದುಡ್ಡನ್ನು ಮ್ಯಾಟು ಮತ್ತು ಶೂಗೆ ಕೊಡುವುದೆಂದು ತೀರ್ಮಾನವಾಯಿತು. ಅಜ್ಜಿ ಈಗಲೂ ಪೂರ್ತಿ ಒಪ್ಪಿಲ್ಲ. ‘ಮಗು ನಡೆದಾಡಿದ್ರೆ ನನ್ನೆದುರಿಗೆ ಕರ್ಕೊಂಡು ಬಾ, ಆಗ ಒಪ್ತೀನಿ’ ಎನ್ನುತ್ತಾರೆ.

ಎರಡನೆಯದು, ಸಮಯ ಕೊಡುವುದು. ಬರೆಯಲಾಗದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಬೇರೊಬ್ಬರಿಂದ ಬರೆಸುವ ಅವಕಾಶವಿದೆ, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯವೂ ಇದೆ. ನಾಗರಿಕ ಸೇವಾ ಪರೀಕ್ಷೆಗೆ ಕುಳಿತ, ಬರೆಯುವಾಗ ಕೈ ಸೆಳೆತದ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಇನ್ನಷ್ಟು ವಿಸ್ತರಿಸಿ ತೀರ್ಪು ಕೊಟ್ಟಿದೆ. ಆದರೆ ಬರೆಯುವವರು ಸಿಗದೆ ಒದ್ದಾಡುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಪರೀಕ್ಷೆ ಪರೀಕ್ಷೆಗೂ ನಿಯಮ ಬೇರೆ ಇರುವುದರಿಂದ ಮೊದಲೇ ತಿಳಿದುಕೊಂಡು ಹೆಸರು ಕೊಟ್ಟಿಟ್ಟರೆ, ಮೂರು ಗಂಟೆಯ ನಮ್ಮ ಕೈಬರಹ ಒಬ್ಬರ ಒಂದು ವರ್ಷವನ್ನು ಉಳಿಸುತ್ತದೆ. ಕೆಲಸ ಹುಡುಕುತ್ತಿರುವವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗಬೇಕು. ಒಂದು ಅಂಕದಿಂದ ಅವಕಾಶ ತಪ್ಪುವುದೆಂದರೆ ಏನೆಂದು ನಮಗೆ ಗೊತ್ತಿದೆ.

ಮೂರನೆಯದು, ಗೊತ್ತಿರುವ ವಿದ್ಯೆಯನ್ನು ಬಳಸುವುದು. ಮೆಕ್ಯಾನಿಕಲ್ ಓದುವವರು ಗಾಲಿಕುರ್ಚಿಯ ಬೇರಿಂಗ್, ಬ್ರೇಕು ಸರಿಮಾಡಿ ಕೊಡಬಹುದು. ಸಿವಿಲ್‌ನವರು ಶೌಚಾಲಯದ ಹಿಡಿಕೆ, ರ‍್ಯಾಂಪು ಅಳೆದು ಹೇಳಬಹುದು. ಕಾಮರ್ಸ್‌ನವರು ಲೆಕ್ಕಪತ್ರ ನೋಡಬಹುದು. ಆನ್‌ಲೈನ್ ಅರ್ಜಿ ತುಂಬುವುದು ನಮಗೆ ಎಡಗೈ ಕೆಲಸ. ಯುಡಿಐಡಿ ಕಾರ್ಡಿನ ಅರ್ಜಿ, ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯ ಅರ್ಜಿ ತುಂಬಿಸಲು ಎಷ್ಟೋ ತಂದೆತಾಯಿಯರಿಗೆ ಸಹಾಯ ಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನಿರಾಮಯದಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಸಿಗುತ್ತದೆ. ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಕುಳಿತು ಹತ್ತು ಅರ್ಜಿ ಮುಗಿಸಿದರೆ ಅದು ಹತ್ತು ಹಬ್ಬದೂಟಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ನಾಲ್ಕನೆಯದು, ಕೊಡುವುದಾದರೆ ಕಡಿಮೆ ಕೊಡೋಣ, ತಿಂಗಳು ತಿಂಗಳು ಕೊಡೋಣ. ಮೊದಲ ಸಂಬಳದಲ್ಲಿ ಒಂದೇ ಸಲ ಹತ್ತು ಸಾವಿರದ ಊಟ ಹಾಕಿಸುವುದಕ್ಕಿಂತ ತಿಂಗಳಿಗೆ ಮುನ್ನೂರು ರೂಪಾಯಿ ತಪ್ಪದೆ ಹೋಗುವಂತೆ ಬ್ಯಾಂಕಿಗೆ ಹೇಳಿಟ್ಟರೆ ಸಂಸ್ಥೆಗೆ ಸಂಬಳ ಕೊಡುವ ಧೈರ್ಯ ಬರುತ್ತದೆ. ಹಾಸ್ಟೆಲ್ಲಿನ ಹತ್ತು ಜನ ಸೇರಿದರೆ ತಿಂಗಳಿಗೆ ಮೂರು ಸಾವಿರ. ಇದಕ್ಕೆ ಫಲಕದಲ್ಲಿ ಹೆಸರು ಬರುವುದಿಲ್ಲ, ಹಾರ ಹಾಕುವುದಿಲ್ಲ. ಆದರೆ ಯಾರೂ ತಿರುಗಿ ನೋಡದ ಜೂನ್ ತಿಂಗಳಲ್ಲೂ ಫಿಸಿಯೋಥೆರಪಿಸ್ಟ್ ಬರುತ್ತಾರೆ.

ಪುಣ್ಯ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಆ ಲೆಕ್ಕ ಇಡುವವರು ಬೇರೆ ಇದ್ದಾರೆ. ನಮ್ಮ ಕೈಯಲ್ಲಿರುವುದು ಇನ್ನೊಂದು ಲೆಕ್ಕ: ಹೊತ್ತಿಗೆ ಸರಿಯಾಗಿ ಊಟವಾಯಿತೇ, ಕೊಟ್ಟದ್ದು ಉಪಯೋಗಕ್ಕೆ ಬಂತೇ, ಮಗುವಿನ ಮಾತು ಪೂರ್ತಿ ಕೇಳಿದೆವೇ. ನಿಮ್ಮ ಮನೆಯಲ್ಲಿ ಮುಂದಿನ ಹುಟ್ಟುಹಬ್ಬವೋ ತಿಥಿಯೋ ಹತ್ತಿರ ಬಂದಿದ್ದರೆ, ಅಡುಗೆ ಭಟ್ಟರಿಗೆ ಹೇಳುವ ಮೊದಲು ಆ ಸಂಸ್ಥೆಗೆ ಒಂದು ಫೋನ್ ಮಾಡಿ. ‘ಊಟವೇ ಬೇಕು’ ಎಂದರೆ ಸಂತೋಷವಾಗಿ ಊಟ ಹಾಕಿಸಿ. ‘ಡೈಪರ್ ಬೇಕು’ ಎಂದರೆ ಡೈಪರ್ ಕೊಡಿಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.